ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಬದಲಾಯಿಸಿದ ಅನುಭವ

ನನ್ನ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಬದಲಾಯಿಸುವ ಕೆಲಸ ಈಗಷ್ಟೇ ಪೂರ್ತಿಯಾಗಿ ಮುಗಿದಿದೆ. ಲಕ್ಷಣ ಕಾಣಿಸಿಕೊಂಡ ದಿನದಿಂದ ಲೆಕ್ಕ ಹಾಕಿದರೆ ಇದಕ್ಕೆ ತಿಂಗಳುಗಳೇ ಹಿಡಿದವು. ಸ್ಪ್ಯಾನರ್ ಹಿಡಿದು ಮಾಡುವ ಕೆಲಸಕ್ಕೆ ಬೇಕಾದದ್ದು ಅದರಲ್ಲಿ ಬಹಳ ಸಣ್ಣ ಪಾಲು. ಉಳಿದ ಸಮಯವೆಲ್ಲ ಹೋದದ್ದು ಆಯಿಲ್ ಬದಲಾಯಿಸಬೇಕೇ ಬೇಡವೇ, ಯಾವ ಆಯಿಲ್ ಹಾಕಬೇಕು, ಎಷ್ಟು ಹಾಕಬೇಕು ಎಂಬ ಪ್ರಶ್ನೆಗಳಿಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟಾಗ ಅವುಗಳಲ್ಲಿ ಸರಿ ಯಾವುದೆಂದು ತಿಳಿದುಕೊಳ್ಳುವುದರಲ್ಲಿ. ಇದೇ ದಾರಿಯಲ್ಲಿ ಹೊರಟಿರುವವರಿಗೆ ಆ ಅಲೆದಾಟ ಸ್ವಲ್ಪವಾದರೂ ತಪ್ಪಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಕಾರು ಒಂದು ಲಕ್ಷ ಕಿಲೋಮೀಟರ್ ದಾಟಿತ್ತು. ಗಂಟೆಗೆ 60 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದ್ದಾಗ ಮಾತ್ರ, ರಸ್ತೆಗೆ ಅಡ್ಡಲಾಗಿ ಸಾಲಾಗಿ ಹಾಕಿದ ಸಣ್ಣ ಉಬ್ಬುಗಳ ಮೇಲೆ ಚಕ್ರ ಉರುಳಿದಂತೆ ಒಂದು ನಡುಕ ಬರುತ್ತಿತ್ತು. ಒಂದೆರಡು ಸೆಕೆಂಡು ಇದ್ದು ಮಾಯವಾಗುತ್ತಿತ್ತು. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಇಲ್ಲ, ಕಾಲು ಪೂರ್ತಿ ತೆಗೆದರೂ ಇಲ್ಲ. ಚಕ್ರಗಳ ಬ್ಯಾಲೆನ್ಸಿಂಗ್ ನೋಡಿಸಿದ್ದಾಯಿತು, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ್ದಾಯಿತು, ಎರಡೂ ಸರಿಯಾಗಿದ್ದವು. ಡ್ಯಾಶ್‌ಬೋರ್ಡಿನಲ್ಲಿ ಯಾವ ಎಚ್ಚರಿಕೆಯ ದೀಪವೂ ಉರಿಯುತ್ತಿರಲಿಲ್ಲ, ಸ್ಕ್ಯಾನರ್ ಜೋಡಿಸಿದರೆ ಯಾವ ದೋಷದ ಕೋಡ್ ಕೂಡ ಬರುತ್ತಿರಲಿಲ್ಲ.

ಗೇರ್‌ಬಾಕ್ಸ್ ಕೆಲಸದಲ್ಲೇ ಪಳಗಿದ ಒಬ್ಬ ಹಿರಿಯ ಮೆಕ್ಯಾನಿಕ್ ಪಕ್ಕದಲ್ಲಿ ಕುಳಿತು ಸುತ್ತು ಬಂದಾಗ ಅನುಮಾನ ಬಗೆಹರಿಯಿತು. ಹಿಂದೆ ಮುಂದೆ ಯಾವ ವಾಹನವೂ ಇಲ್ಲದ ಕಡೆ, ನಡುಕ ಶುರುವಾದ ಕ್ಷಣದಲ್ಲೇ, ಆಕ್ಸಿಲರೇಟರ್ ಹಾಗೆಯೇ ಇಟ್ಟುಕೊಂಡು, ಬ್ರೇಕ್ ದೀಪ ಉರಿಯುವಷ್ಟು ಮಾತ್ರ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಮುಟ್ಟಲು ಅವರು ಹೇಳಿದರು. ಮುಟ್ಟಿದ ಕೂಡಲೇ ಆರ್‌ಪಿಎಂ ಮುಳ್ಳು ತುಸು ಮೇಲೇರಿತು, ನಡುಕ ನಿಂತಿತು. ‘ನೋಡಿ ಸರ್, ಇದು ಎಂಜಿನ್ ಅಲ್ಲ, ಟೈರೂ ಅಲ್ಲ. ಕನ್ವರ್ಟರಿನ ಲಾಕ್-ಅಪ್ ಕ್ಲಚ್ ಹಿಡಿತ ಸಿಗದೆ ಜಾರಿ ಜಾರಿ ಹಿಡಿಯುತ್ತಿದೆ’ ಎಂದರು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತು ಆಯಿಲಿನ ಮೂಲಕ ಬಲ ದಾಟಿಸುವ ಭಾಗವೇ ಟಾರ್ಕ್ ಕನ್ವರ್ಟರ್. ವೇಗ ಹಿಡಿದ ಮೇಲೆ ಅದರ ಎರಡು ಬದಿಗಳನ್ನು ನೇರವಾಗಿ ಜೋಡಿಸುವುದು ಲಾಕ್-ಅಪ್ ಕ್ಲಚ್. ಬಹುತೇಕ ಆಟೋಮ್ಯಾಟಿಕ್ ಕಾರುಗಳಲ್ಲಿ ಬ್ರೇಕ್ ಸ್ವಿಚ್ ತಾಗಿದೊಡನೆ ಗೇರ್‌ಬಾಕ್ಸಿನ ಕಂಪ್ಯೂಟರ್ ಆ ಕ್ಲಚ್ಚನ್ನು ಬಿಡಿಸುತ್ತದೆ. ಆಗ ನಡುಕವೂ ನಿಂತರೆ ಅದರ ಮೂಲ ಎಲ್ಲಿದೆ ಎಂಬುದು ಬಹುಪಾಲು ಖಚಿತವಾಗುತ್ತದೆ. ಈ ಪರೀಕ್ಷೆಯನ್ನು ಒಬ್ಬರೇ ಮಾಡಬೇಡಿ, ಸಂಚಾರವಿರುವ ರಸ್ತೆಯಲ್ಲಂತೂ ಖಂಡಿತ ಬೇಡ.

ಇಲ್ಲಿಂದ ಮುಂದಿನದನ್ನು ಅರ್ಥಮಾಡಿಕೊಳ್ಳಲು ಈ ಆಯಿಲ್ ಏನೇನು ಮಾಡುತ್ತದೆ ಎಂಬುದು ಗೊತ್ತಿರಬೇಕು. ಎಟಿಎಫ್ ಎಂದು ಕರೆಯುವ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್‌ಗೆ ಹಲ್ಲುಚಕ್ರಗಳಿಗೆ ಜಾರಿಕೆ ಕೊಡುವುದು ಹಲವು ಕೆಲಸಗಳಲ್ಲಿ ಒಂದು ಮಾತ್ರ. ಎಂಜಿನ್ನಿನ ಬಲವನ್ನು ಟಾರ್ಕ್ ಕನ್ವರ್ಟರಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವುದು ಅದೇ ಆಯಿಲ್. ಒತ್ತಡವನ್ನು ಬೇಕಾದ ಕ್ಲಚ್ಚಿಗೆ ಹಂಚುವ ವಾಲ್ವ್ ಬಾಡಿಯ ಕಿರಿದಾದ ಕಾಲುವೆಗಳಲ್ಲಿ ಒತ್ತಡದಿಂದ ಹರಿದು ಕ್ಲಚ್ಚುಗಳನ್ನು ಒತ್ತಿ ಹಿಡಿದು ಗೇರ್ ಬದಲಾಯಿಸುವುದೂ ಅದೇ. ಬಿಸಿಯನ್ನು ಕೂಲರಿಗೆ ಒಯ್ಯುವುದೂ ಅದೇ. ಇಷ್ಟರ ಮೇಲೆ, ಎಣ್ಣೆಯಲ್ಲಿ ಮುಳುಗಿಯೇ ಇರುವ ಕ್ಲಚ್ ಫಲಕಗಳು ಜರ್ಕ್ ಇಲ್ಲದೆ, ಆದರೆ ಜಾರಿಹೋಗದೆ ಹಿಡಿಯುವಂತೆ ನೋಡಿಕೊಳ್ಳುವ ಫ್ರಿಕ್ಷನ್ ಮಾಡಿಫೈಯರ್ ಎಂಬ ರಾಸಾಯನಿಕಗಳು ಅದರಲ್ಲಿರುತ್ತವೆ. 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಇದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬಳಸುತ್ತಿದ್ದರು. ಅದರ ಬಳಕೆ ನಿಷೇಧವಾದ ಮೇಲೆ ಕೃತಕ ಬದಲಿಗಳನ್ನು ಹುಡುಕಬೇಕಾಯಿತು. ಎಷ್ಟು ನಾಜೂಕಿನ ಗುಣವನ್ನು ಈ ಆಯಿಲ್‌ನಿಂದ ನಿರೀಕ್ಷಿಸಲಾಗುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಬಿಸಿಯಿಂದ ಮತ್ತು ಕಾಲ ಕಳೆದಂತೆ ಮೊದಲು ಸವೆಯುವುದರಲ್ಲಿ ಈ ಗುಣವೂ ಒಂದು. ನನ್ನ ಕಾರಿನ ನಡುಕಕ್ಕೆ ಅದೇ ಕಾರಣವಿರಬಹುದೆಂದು ಮೆಕ್ಯಾನಿಕ್ ಊಹಿಸಿದರು. ಕ್ಲಚ್ಚಿನ ಫಲಕವೇ ಸವೆದಿರುವ ಸಾಧ್ಯತೆಯನ್ನೂ ಮುಚ್ಚಿಡಲಿಲ್ಲ.

ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ ಉತ್ತರ ಬೇರೆಯೇ ಇತ್ತು. ಇದು ಸೀಲ್ ಮಾಡಿದ ಗೇರ್‌ಬಾಕ್ಸ್, ಇದರ ಆಯಿಲ್ ಜೀವಮಾನಪೂರ್ತಿ ಬರುತ್ತದೆ, ಬದಲಾಯಿಸುವ ಪದ್ಧತಿಯೇ ಇಲ್ಲ ಎಂದರು. ಮನೆಗೆ ಬಂದು ಕಾರಿನ ಜೊತೆ ಕೊಟ್ಟಿದ್ದ ಓನರ್ಸ್ ಮ್ಯಾನುಯಲ್ ತೆಗೆದು ಕೂತೆ. ಸಾಮಾನ್ಯ ಬಳಕೆಯ ಕೋಷ್ಟಕದಲ್ಲಿ ಗೇರ್‌ಬಾಕ್ಸ್ ಆಯಿಲಿನ ಮುಂದೆ ಪರಿಶೀಲನೆ ಎಂದಷ್ಟೇ ಇತ್ತು. ಆದರೆ ಕೆಲವು ಪುಟಗಳಾಚೆ ಕಠಿಣ ಬಳಕೆಗಾಗಿಯೇ ಇನ್ನೊಂದು ಕೋಷ್ಟಕವಿತ್ತು, ಅಲ್ಲಿ ಬದಲಾಯಿಸಬೇಕಾದ ಕಿಲೋಮೀಟರ್ ಸ್ಪಷ್ಟವಾಗಿ ನಮೂದಾಗಿತ್ತು. ಕಠಿಣ ಬಳಕೆ ಎಂದರೆ ಏನೆಂದು ಓದಿದಾಗ ನನಗೆ ಆಶ್ಚರ್ಯವಾಯಿತು: ನಿಂತು ನಿಂತು ಸಾಗುವ ಸಂಚಾರ, ಪದೇ ಪದೇ ಕಡಿಮೆ ದೂರದ ಓಡಾಟ, ಬಿಸಿ ಹವೆ, ಗುಡ್ಡದ ದಾರಿ, ಭಾರ ಎಳೆಯುವುದು. ದಿನನಿತ್ಯ ಕೆಲಸಕ್ಕೆ ಹೋಗಿ ಬರುವ ಬಹಳಷ್ಟು ಕಾರುಗಳ ಬದುಕೇ ಇದು. ನಿಮ್ಮ ಮ್ಯಾನುಯಲ್‌ನಲ್ಲಿ ಮೊದಲ ಕೋಷ್ಟಕ ನೋಡಿ ಪುಸ್ತಕ ಮುಚ್ಚಬೇಡಿ, ಎರಡನೆಯದನ್ನು ಹುಡುಕಿ.

ಗೇರ್‌ಬಾಕ್ಸುಗಳನ್ನೇ ತಯಾರಿಸುವ ಜರ್ಮನಿಯ ಜಡ್‌ಎಫ್ ಕಂಪನಿ ತನ್ನ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳ ಆಯಿಲನ್ನು ಬಳಕೆಗೆ ತಕ್ಕಂತೆ 80,000ದಿಂದ 1,20,000 ಕಿಲೋಮೀಟರಿಗೆ, ಅಥವಾ ಹೆಚ್ಚೆಂದರೆ 8 ವರ್ಷಕ್ಕೆ ಬದಲಾಯಿಸಲು ಸಲಹೆ ಕೊಡುತ್ತದೆ. ಅದೇ ಗೇರ್‌ಬಾಕ್ಸ್ ಕೂತಿರುವ ಕಾರಿನ ಮಾರಾಟಗಾರರು ಜೀವಮಾನದ ಆಯಿಲ್ ಎನ್ನುವುದನ್ನು ಕೇಳಿದ್ದೇನೆ. ಇವೆರಡರಲ್ಲಿ ತಯಾರಿಸಿದವರ ಮಾತನ್ನೇ ನಾನು ನಂಬುತ್ತೇನೆ. ಬಿಸಿ ಹೆಚ್ಚಿದಂತೆ ಆಯಿಲ್ ಕೆಡುವ ವೇಗವೂ ಏರುತ್ತದೆ. ಸ್ಥೂಲವಾಗಿ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಆ ವೇಗ ಇಮ್ಮಡಿಯಾಗುತ್ತದೆ ಎಂಬುದು ಎಣ್ಣೆಗಳ ಉತ್ಕರ್ಷಣೆಗೆ, ಅಂದರೆ ಆಮ್ಲಜನಕ ಸೇರಿ ಕೆಡುವುದಕ್ಕೆ, ಸಂಬಂಧಿಸಿದ ಹಳೆಯ ಲೆಕ್ಕಾಚಾರ. 80–90 ಡಿಗ್ರಿಯಲ್ಲಿ ಕೆಲಸ ಮಾಡುವ ಆಯಿಲ್ ಏರುದಾರಿಯಲ್ಲಿ, ದಟ್ಟಣೆಯಲ್ಲಿ ಅದಕ್ಕಿಂತ ಮೇಲೆ ಹೋಗುತ್ತದೆ. ಅಂಥ ಆಯಿಲ್‌ಗೆ ಕೊನೆಯೇ ಇಲ್ಲವೆಂದು ನಂಬುವುದು ಕಷ್ಟ.

ಬದಲಾಯಿಸುವುದೆಂದು ಮನಸ್ಸು ಗಟ್ಟಿಮಾಡುವಷ್ಟರಲ್ಲಿ ಇನ್ನೊಂದು ಹೆದರಿಕೆ ಎದುರಾಯಿತು. ಇಷ್ಟು ಕಿಲೋಮೀಟರ್ ಓಡಿದ ಮೇಲೆ ಹಳೆಯ ಆಯಿಲನ್ನು ಮುಟ್ಟಲೇಬಾರದು, ಹೊಸದು ಹಾಕಿದ ವಾರದಲ್ಲೇ ಗೇರ್‌ಬಾಕ್ಸ್ ಕೈಕೊಡುತ್ತದೆ ಎಂದು ಒಂದಲ್ಲ ಹಲವು ಮಂದಿ ಹೇಳಿದರು. ಗೇರ್‌ಬಾಕ್ಸ್ ಹೋದರೆ ಅದರ ಖರ್ಚು ಎಷ್ಟಾಗುತ್ತದೆಂದು ತಿಳಿದಿದ್ದ ನನಗೆ ಆ ರಾತ್ರಿಗಳಲ್ಲಿ ನಿದ್ದೆ ಸರಿಯಾಗಿ ಬರಲಿಲ್ಲವೆಂಬುದು ನಿಜ. ಮೆಕ್ಯಾನಿಕ್ ಇದನ್ನು ತಾಳ್ಮೆಯಿಂದ ಬಿಡಿಸಿ ಹೇಳಿದರು. ಕ್ಲಚ್ ಫಲಕಗಳು ಆಗಲೇ ಸವೆದು ಮುಗಿದು, ಗೇರ್ ಜಾರಲು ಶುರುವಾದ ಮೇಲೆಯೇ ಹೆಚ್ಚಿನವರಿಗೆ ಆಯಿಲಿನ ನೆನಪಾಗುತ್ತದೆ. ಆಗ ಬದಲಾಯಿಸಿದರೂ ಗೇರ್‌ಬಾಕ್ಸ್ ಉಳಿಯುವುದಿಲ್ಲ, ಕೆಟ್ಟ ಹೆಸರು ಮಾತ್ರ ಹೊಸ ಆಯಿಲ್‌ಗೆ ಬರುತ್ತದೆ. ಆದ್ದರಿಂದ ಅವರು ಒಂದು ಷರತ್ತು ಹಾಕಿದರು: ಮೊದಲು ಗೇರ್‌ಬಾಕ್ಸಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಯಾದ ಪ್ಯಾನ್ ಬಿಚ್ಚಿ ಒಳಗೇನಿದೆ ನೋಡೋಣ, ಲೋಹದ ಚೂರುಗಳು ಕಂಡರೆ ಆಯಿಲ್‌ಗೆ ಹಣ ಸುರಿಯುವುದು ಬೇಡ. ಈ ಷರತ್ತು ನನಗೆ ಸಮಾಧಾನ ತಂದಿತು.

ಮುಂದಿನ ತೊಡಕು ಸರಿಯಾದ ಆಯಿಲ್ ಸಿಗುವುದರದ್ದು. ಎಟಿಎಫ್ ಎಂಬುದು ಒಂದೇ ಆಯಿಲಿನ ಹೆಸರಲ್ಲ. ಜನರಲ್ ಮೋಟರ್ಸ್‌ನ ಡೆಕ್ಸ್ರಾನ್, ಫೋರ್ಡಿನ ಮರ್ಕಾನ್, ಟೊಯೊಟಾದ ಡಬ್ಲ್ಯುಎಸ್, ಹೋಂಡಾದ ಡಿಡಬ್ಲ್ಯು-1, ಹ್ಯುಂಡೈನ ಎಸ್‌ಪಿ-4 ಹೀಗೆ ಒಂದೊಂದು ಕಂಪನಿಗೆ ಒಂದೊಂದು ಮಾನದಂಡ. ಒಂದೇ ಕಂಪನಿಯ ಹಳೆಯ ಮತ್ತು ಹೊಸ ಗೇರ್‌ಬಾಕ್ಸುಗಳಿಗೂ ಬೇರೆ ಬೇರೆ. ಹೆಚ್ಚಿನವು ನೋಡಲು ಕೆಂಪಗಿರುತ್ತವೆ, ಆದರೆ ಆ ಕೆಂಪು ಬರೀ ಬೆರೆಸಿದ ಬಣ್ಣ. ಒಳಗಿನ ವ್ಯತ್ಯಾಸ ದೊಡ್ಡದು: 100 ಡಿಗ್ರಿಯಲ್ಲಿ ಹಳೆಯ ಡೆಕ್ಸ್ರಾನ್-3 ಮಾದರಿಯ ಆಯಿಲಿನ ಸ್ನಿಗ್ಧತೆ, ಅಂದರೆ ಮಂದತನ, ಸುಮಾರು 7 ಸೆಂಟಿಸ್ಟೋಕ್ಸ್ ಇದ್ದರೆ, 2005ರಲ್ಲಿ ಬಂದ ಡೆಕ್ಸ್ರಾನ್-6ರದ್ದು ಸುಮಾರು 6. ಎಲ್ಲ ಗಾಡಿಗೂ ಒಂದೇ ಸಾಕೆಂದು ಲೇಬಲ್ ಅಂಟಿಸಿದ ಆಯಿಲನ್ನು ಒಂದು ಗ್ಯಾರೇಜಿನವರು ಕಡಿಮೆ ಖರ್ಚಿನಲ್ಲಿ ಹಾಕಿಕೊಡುತ್ತೇನೆಂದರು. ನಾನು ಬೇಡವೆಂದೆ. ಮ್ಯಾನುಯಲ್‌ನಲ್ಲಿ ಬರೆದಿರುವ ಸಂಕೇತವೇ ಡಬ್ಬಿಯ ಹಿಂಬದಿಯಲ್ಲಿ ಇರಬೇಕು. ಬ್ರ್ಯಾಂಡ್ ಯಾವುದಾದರೂ ಅಷ್ಟು ಚಿಂತೆಯಿಲ್ಲ, ಸಂಕೇತ ಮಾತ್ರ ತಪ್ಪಬಾರದು. ಅಂಗಡಿಯಲ್ಲಿ ಕೇಳುವಾಗ ಕಾರಿನ ಹೆಸರು ಹೇಳಿದರೆ ಸಾಲದು, ಒಂದೇ ಹೆಸರಿನ ಕಾರಿನಲ್ಲಿ ವರ್ಷಕ್ಕೆ ತಕ್ಕಂತೆ ಬೇರೆ ಬೇರೆ ಗೇರ್‌ಬಾಕ್ಸ್ ಇರುತ್ತದೆ. ನೋಂದಣಿ ದಾಖಲೆಯಲ್ಲಿರುವ ಚಾಸಿಸ್ ಸಂಖ್ಯೆಯನ್ನು ಬಿಡಿಭಾಗಗಳ ಕೌಂಟರಿನಲ್ಲಿ ಕೊಟ್ಟರೆ ಗೇರ್‌ಬಾಕ್ಸಿನ ಕೋಡ್, ಫಿಲ್ಟರ್, ಪ್ಯಾನಿನ ಗ್ಯಾಸ್ಕೆಟ್, ಪ್ಲಗ್ಗಿನ ವಾಷರ್ ಎಲ್ಲದರ ಪಾರ್ಟ್ ನಂಬರ್ ಸರಿಯಾಗಿ ಸಿಗುತ್ತದೆ. ಆಯಿಲ್ ಬೇಗ ಸಿಕ್ಕಿತು. ಫಿಲ್ಟರಿಗಾಗಿ ವಾರಗಟ್ಟಲೆ ಕಾಯಬೇಕಾಯಿತು. ಎಲ್ಲವೂ ಕೈಗೆ ಬರುವ ಮೊದಲು ಗ್ಯಾರೇಜಿನಲ್ಲಿ ದಿನ ಗೊತ್ತುಮಾಡಬೇಡಿ, ಬಿಚ್ಚಿದ ಗಾಡಿ ಅಲ್ಲೇ ನಿಲ್ಲುತ್ತದೆ.

ಯಂತ್ರ ಜೋಡಿಸಿ ಹಳೆಯದನ್ನೆಲ್ಲ ತಳ್ಳಿ ಹೊರಹಾಕುವ ಫ್ಲಶ್ ಮಾಡಿಸಬೇಕೋ, ತಳದಲ್ಲಿರುವ ಆಯಿಲ್ ಇಳಿಸುವ ಪ್ಲಗ್ ಬಿಚ್ಚಿ ಬಂದಷ್ಟು ಇಳಿಸಿ ಅಷ್ಟೇ ತುಂಬಬೇಕೋ ಎಂಬ ಚರ್ಚೆಯೂ ಆಯಿತು. ಪ್ಲಗ್ ಬಿಚ್ಚಿದರೆ ಎಲ್ಲ ಆಯಿಲ್ ಇಳಿಯುವುದಿಲ್ಲ. ಟಾರ್ಕ್ ಕನ್ವರ್ಟರಿನಲ್ಲಿ, ಕೂಲರಿನಲ್ಲಿ, ಕೊಳವೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದುಬಿಡುತ್ತದೆ. ಒಟ್ಟು 8 ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ ಮೂರೂವರೆ ಲೀಟರ್ ಇಳಿಯಿತೆಂದುಕೊಳ್ಳಿ. ಒಮ್ಮೆ ಬದಲಾಯಿಸಿದರೆ ಒಳಗೆ ಹೊಸ ಆಯಿಲಿನ ಪಾಲು ಶೇಕಡ 44. ಗಾಡಿ ಓಡಿಸಿ ಬೆರೆಯಲು ಬಿಟ್ಟು ಎರಡನೇ ಸಲ ಮಾಡಿದರೆ ಶೇಕಡ 68. ಮೂರನೇ ಸಲಕ್ಕೆ ಶೇಕಡ 82. ಮೆಕ್ಯಾನಿಕ್ ಈ ನಿಧಾನದ ದಾರಿಯನ್ನೇ ಆರಿಸಿದರು. ಯಂತ್ರದ ಫ್ಲಶ್ಶಿನಲ್ಲಿ ಪ್ಯಾನ್ ಬಿಚ್ಚದೆಯೇ, ಫಿಲ್ಟರ್ ಬದಲಾಯಿಸದೆಯೇ ಕೆಲಸ ಮುಗಿಸುವವರಿದ್ದಾರೆ. ನನಗೆ ಪ್ಯಾನಿನೊಳಗೆ ಏನಿದೆ ಎಂದು ನೋಡುವುದೇ ಮುಖ್ಯವಾಗಿತ್ತು. ಹಂತ ಹಂತವಾಗಿ ಮಾಡಿದರೆ ಆಯಿಲ್ ಹೆಚ್ಚು ಬೇಕಾಗುತ್ತದೆ, ಒಂದಕ್ಕಿಂತ ಹೆಚ್ಚು ಸಲ ಗ್ಯಾರೇಜಿಗೆ ಹೋಗಬೇಕಾಗುತ್ತದೆ ಎಂಬುದನ್ನು ಮಾತ್ರ ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಕೆಲಸದ ದಿನ ಕಾರನ್ನು ಲಿಫ್ಟಿನ ಮೇಲೆ ಏರಿಸಿ, ಮುಟ್ಟಿದರೆ ಬೆಚ್ಚಗೆನಿಸುವಷ್ಟು ತಣಿಯಲು ಬಿಟ್ಟರು. ಮೊದಲು ಬಿಚ್ಚಿದ್ದು ಆಯಿಲ್ ತುಂಬುವ ಮೇಲಿನ ಫಿಲ್ ಪ್ಲಗ್. ಇದನ್ನು ಒತ್ತಿ ಹೇಳುತ್ತೇನೆ: ಕೆಳಗಿನ ಪ್ಲಗ್ ಬಿಚ್ಚಿ ಆಯಿಲೆಲ್ಲ ಇಳಿಸಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬರದೇ ಹೋದರೆ, ಗಾಡಿಯನ್ನು ಓಡಿಸುವಂತೆಯೂ ಇಲ್ಲ, ತುಂಬುವಂತೆಯೂ ಇಲ್ಲ. ತುಂಬಲು ದಾರಿಯಿದೆ ಎಂದು ಖಾತ್ರಿಯಾದ ನಂತರವೇ ಇಳಿಸಬೇಕು.

ನಂತರ ಕೆಳಗಿನ ಪ್ಲಗ್ ಬಿಚ್ಚಿದಾಗ ಸ್ವಲ್ಪವೇ ಆಯಿಲ್ ಬಂದು ನಿಂತುಹೋಯಿತು. ಒಳಗೆ ಆಯಿಲೇ ಇಲ್ಲವೇನೋ ಎಂದು ಸಹಾಯಕ ಹುಡುಗ ಗಾಬರಿಯಾದ, ನನ್ನ ಎದೆಯೂ ಹೊಡೆದುಕೊಂಡಿತು. ಮೆಕ್ಯಾನಿಕ್ ಟಾರ್ಚ್ ಹಿಡಿದು ರಂಧ್ರದೊಳಗೆ ತೋರಿಸಿದರು: ಅಲ್ಲಿ ನೆಟ್ಟಗೆ ನಿಂತ ಒಂದು ಪುಟ್ಟ ಕೊಳವೆಯಿತ್ತು. ಕೆಲವು ಗೇರ್‌ಬಾಕ್ಸುಗಳಲ್ಲಿ ಇಳಿಸುವುದಕ್ಕೂ ಮಟ್ಟ ನೋಡುವುದಕ್ಕೂ ಒಂದೇ ರಂಧ್ರ. ಆ ಕೊಳವೆಯ ತುದಿಗಿಂತ ಮೇಲಿರುವ ಆಯಿಲ್ ಮಾತ್ರ ಪ್ಲಗ್ ಬಿಚ್ಚಿದಾಗ ಹೊರಬರುತ್ತದೆ. ಪೂರ್ತಿ ಇಳಿಸಬೇಕಾದರೆ ಅಲೆನ್ ಕೀಯಿಂದ ಕೊಳವೆಯನ್ನೂ ತಿರುಗಿಸಿ ತೆಗೆಯಬೇಕು. ತೆಗೆದ ಮೇಲೆ ಕಂದು ಬಣ್ಣದ ಆಯಿಲ್ ಧಾರೆಯಾಗಿ ಸುರಿಯಿತು. ಅದನ್ನು ಲೀಟರಿನ ಗುರುತಿರುವ ಕ್ಯಾನಿನಲ್ಲಿ ಹಿಡಿದು ಅಳೆದು ಬರೆದಿಟ್ಟುಕೊಂಡರು. ಎಷ್ಟು ಇಳಿಯಿತೆಂದು ಅಳೆಯದವರು ಎಷ್ಟು ತುಂಬಬೇಕೆಂದು ಹೇಗೆ ತಿಳಿದಾರು? ನಿಮ್ಮ ಎದುರಿಗೇ ಅಳೆಯಲು ಹೇಳಿ.

ಬಣ್ಣದ ಬಗ್ಗೆ ಒಂದು ಮಾತು. ಕಂದು ಬಣ್ಣವೊಂದರಿಂದಲೇ ಗಾಬರಿಯಾಗಬೇಕಿಲ್ಲ, ಕೆಲವು ಆಯಿಲುಗಳು ಬೇಗನೆ ಬಣ್ಣ ಬದಲಿಸುತ್ತವೆ. ಸುಟ್ಟ ವಾಸನೆಯ ಜೊತೆ ಕಪ್ಪಾಗಿದ್ದರೆ ಕ್ಲಚ್ ಫಲಕಗಳು ಸುಟ್ಟಿರುವ ಸೂಚನೆ. ಹಾಲು ಬೆರೆಸಿದಂಥ ತಿಳಿಗುಲಾಬಿ ಬಣ್ಣ ಕಂಡರೆ ಮಾತ್ರ ಗಾಡಿ ಚಾಲೂ ಮಾಡಲೇಬೇಡಿ. ರೇಡಿಯೇಟರಿನೊಳಗಿನ ಕೂಲರ್ ಸೋರಿ ಆಯಿಲ್‌ಗೆ ಕೂಲಂಟ್ ಬೆರೆತಿರುತ್ತದೆ, ಅದು ಫಲಕಗಳ ಘರ್ಷಣೆಯ ಪದರ ಹಿಡಿದಿರುವ ಅಂಟನ್ನೇ ಸಡಿಲಿಸುತ್ತದೆ.

ಪ್ಯಾನ್ ಕೆಳಗಿಳಿಸಿದ ಕ್ಷಣಕ್ಕಾಗಿಯೇ ನಾನು ಇಷ್ಟು ದಿನ ಕಾದದ್ದು. ಅದರ ತಳದಲ್ಲಿ ನಾಲ್ಕು ಅಯಸ್ಕಾಂತಗಳಿದ್ದವು, ನಾಲ್ಕರ ಮೇಲೂ ಬೂದು ಬಣ್ಣದ ಕೆಸರು ದಪ್ಪಗೆ ಮೆತ್ತಿಕೊಂಡಿತ್ತು. ಮೆಕ್ಯಾನಿಕ್ ಒಂದು ಅಯಸ್ಕಾಂತದ ಕೆಸರನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿದರು, ಆಮೇಲೆ ಬಿಳಿ ಕಾಗದದ ಮೇಲೆ ತೆಳ್ಳಗೆ ಸವರಿ, ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಎಲ್ಲಿಯೂ ಮಿನುಗು ಕಾಣಲಿಲ್ಲ, ಬೆರಳಿಗೆ ಮರಳಿನ ತರಿ ಸಿಗಲಿಲ್ಲ. ನನ್ನನ್ನೂ ಉಜ್ಜಿ ನೋಡಲು ಹೇಳಿದರು, ನುಣ್ಣಗಿತ್ತು. ಇಂಥ ನುಣುಪಾದ ಕೆಸರು ಉಕ್ಕಿನ ಭಾಗಗಳ ಸಹಜ ಸವೆತದಿಂದ ಬರುತ್ತದೆ, ಅದನ್ನು ಹಿಡಿಯುವುದಕ್ಕೇ ಅಯಸ್ಕಾಂತಗಳಿರುವುದು. ಕಣ್ಣಿಗೆ ಕಾಣುವ ಚೂರು, ಹೊಳೆಯುವ ಸಿಪ್ಪೆ, ಹಿತ್ತಾಳೆ ಬಣ್ಣದ ಪುಡಿ ಇವು ಸಿಕ್ಕಿದ್ದರೆ ಕತೆ ಬೇರೆಯಾಗುತ್ತಿತ್ತು. ಆ ಬಿಳಿ ಕಾಗದ ನೋಡಿದ ಮೇಲೆ ನನ್ನ ಆತಂಕದ ದೊಡ್ಡ ಭಾಗ ಇಳಿಯಿತು. ಅಯಸ್ಕಾಂತಗಳನ್ನು ಒರೆಸಿ ಅದೇ ಜಾಗದಲ್ಲಿ ಕೂರಿಸಿ, ಹೊಸ ಫಿಲ್ಟರ್, ಹೊಸ ಗ್ಯಾಸ್ಕೆಟ್ ಹಾಕಿ, ಪ್ಯಾನಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದರು. ಸಣ್ಣ ಬೋಲ್ಟುಗಳಿಗೆ ಬೇಕಾದ ಬಿಗಿತ ಬಹಳ ಕಡಿಮೆ. ಬಲ ಹಾಕಿ ಬಿಗಿದರೆ ಗ್ಯಾಸ್ಕೆಟ್ ಹಿಂಡಿಹೋಗಿ ಸೋರಿಕೆ ಶುರುವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡಿದ್ದು ಮಟ್ಟ ಸರಿಮಾಡುವ ಹಂತ. ಈ ಗೇರ್‌ಬಾಕ್ಸಿನಲ್ಲಿ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಇಲ್ಲ. ಕೊಳವೆಯನ್ನು ಮತ್ತೆ ಜೋಡಿಸಿ, ಇಳಿದಷ್ಟಕ್ಕಿಂತ ತುಸು ಹೆಚ್ಚು ಆಯಿಲನ್ನು ಕೈಪಂಪಿನಿಂದ ತುಂಬಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡೇ ಗೇರ್ ಲಿವರನ್ನು ಪ್ರತಿ ಸ್ಥಾನದಲ್ಲೂ ಕೆಲವು ಸೆಕೆಂಡು ನಿಲ್ಲಿಸಿ ಮತ್ತೆ ಪಾರ್ಕಿಗೆ ತರಬೇಕು. ನಂತರ ಸ್ಕ್ಯಾನರಿನಲ್ಲಿ ಗೇರ್‌ಬಾಕ್ಸ್ ಆಯಿಲಿನ ತಾಪಮಾನ ನೋಡುತ್ತಾ, ಅದು ಈ ಗಾಡಿಗೆ ಹೇಳಿರುವ 35ರಿಂದ 45 ಡಿಗ್ರಿಯ ನಡುವೆ ಇರುವಾಗ, ಎಂಜಿನ್ ಓಡುತ್ತಿರುವಂತೆಯೇ ಕೆಳಗಿನ ಪ್ಲಗ್ ಬಿಚ್ಚಬೇಕು. ಹೆಚ್ಚಿನದು ಧಾರೆಯಾಗಿ ಬಂದು, ಧಾರೆ ತೆಳುವಾಗಿ, ಹನಿಯಾದಾಗ ಹೊಸ ವಾಷರ್ ಹಾಕಿ ಮುಚ್ಚಬೇಕು. ಗಾಡಿ ಒಂದಿಷ್ಟೂ ಓರೆಯಾಗಿರಕೂಡದು. ಏನೂ ಬರದಿದ್ದರೆ ಇನ್ನಷ್ಟು ತುಂಬಬೇಕು.

ನಮ್ಮ ಸರದಿ ಬರುವಷ್ಟರಲ್ಲಿ ತಾಪಮಾನ 50 ದಾಟಿಬಿಟ್ಟಿತ್ತು. ಎಂಜಿನ್ ನಿಲ್ಲಿಸಿ ಮಧ್ಯಾಹ್ನವೆಲ್ಲ ಕಾಯದೆ ಬೇರೆ ದಾರಿಯಿರಲಿಲ್ಲ. ಐದಾರು ಡಿಗ್ರಿಗೆ ಇಷ್ಟು ಕಾಯಬೇಕೇ ಎಂದು ನಾನು ಕೇಳಿದೆ. ಬಿಸಿಗೆ ಆಯಿಲ್ ಹಿಗ್ಗುತ್ತದೆ. 8 ಲೀಟರ್ ಆಯಿಲ್ 40ರಿಂದ 90 ಡಿಗ್ರಿಗೆ ಏರಿದರೆ ಕಾಲು ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಬಿಸಿಯಾಗಿರುವಾಗ ಮಟ್ಟ ನೋಡಿ ಹರಿಯಬಿಟ್ಟರೆ ಒಳಗೆ ಕಡಿಮೆ ಉಳಿದು ಪಂಪ್ ಗಾಳಿ ಹೀರುತ್ತದೆ, ಕ್ಲಚ್ಚುಗಳಿಗೆ ಒತ್ತಡ ಸಾಲುವುದಿಲ್ಲ. ತೀರ ತಣ್ಣಗಿರುವಾಗ ನೋಡಿದರೆ ಹೆಚ್ಚು ಉಳಿದು, ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಿಂದ ಒತ್ತಡ ಬರುವುದಿಲ್ಲ. ಯಾವ ತಾಪಮಾನದಲ್ಲಿ ಮಟ್ಟ ಹೊಂದಿಸಿದಿರಿ ಎಂದು ಕೇಳಿದಾಗ ಗ್ಯಾರೇಜಿನವರು ಅಂಕಿ ಹೇಳದಿದ್ದರೆ ಅಲ್ಲಿ ಈ ಕೆಲಸ ಮಾಡಿಸಬೇಡಿ ಎಂಬುದು ನನ್ನ ದೃಢ ಅಭಿಪ್ರಾಯ. ಡಿಪ್‌ಸ್ಟಿಕ್ ಇರುವ ಗಾಡಿಗಳಲ್ಲಿಯೂ ಹೆಚ್ಚಿನವಕ್ಕೆ ಆಯಿಲ್ ಬಿಸಿಯಾಗಿ, ಎಂಜಿನ್ ಓಡುತ್ತಿರುವಾಗಲೇ ಮಟ್ಟ ನೋಡಬೇಕು. ಹೋಂಡಾದ ಹಲವು ಗಾಡಿಗಳಲ್ಲಿ ಮಾತ್ರ ಬಿಸಿಯಾದ ಮೇಲೆ ಎಂಜಿನ್ ನಿಲ್ಲಿಸಿ ಕೂಡಲೇ ನೋಡುವ ಕ್ರಮವಿದೆ.

ಮೊದಲ ಬದಲಾವಣೆಯ ನಂತರ ಗೇರುಗಳು ಬೀಳುವ ರೀತಿ ಸ್ವಲ್ಪ ಅಪರಿಚಿತವೆನಿಸಿತು. ಹಳೆಯ ಆಯಿಲಿನ ಗುಣಕ್ಕೆ ಹೊಂದಿಕೊಂಡಿದ್ದ ಕಂಪ್ಯೂಟರಿನ ಕಲಿಕೆಯನ್ನು ಸ್ಕ್ಯಾನರಿನಿಂದ ಅಳಿಸಿದ್ದರು, ಅದು ಹೊಸದಾಗಿ ಕಲಿಯಬೇಕಿತ್ತು. ನಡುಕ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ನನಗೆ ನಿರಾಸೆಯೇ ಆಯಿತು. ಕೆಲವು ನೂರು ಕಿಲೋಮೀಟರ್ ಓಡಿಸಿ, ಫಿಲ್ಟರ್ ಹಾಗೆಯೇ ಬಿಟ್ಟು ಆಯಿಲ್ ಮಾತ್ರ ಮತ್ತೆ ಇಳಿಸಿ ತುಂಬಿಸಿದ ಮೇಲೆ ಅದು ಅಪರೂಪವಾಯಿತು, ಅದರ ಮುಂದಿನ ಸುತ್ತಿನ ನಂತರ ಈವರೆಗೆ ಬಂದಿಲ್ಲ. ಕ್ಲಚ್ಚಿನ ಫಲಕವೇ ಸವೆದಿದ್ದರೆ ಇದರಿಂದ ಗುಣವಾಗುತ್ತಿರಲಿಲ್ಲ, ಕನ್ವರ್ಟರ್ ಬದಲಾಯಿಸಬೇಕಾಗುತ್ತಿತ್ತು. ನಡುಕ ಬಂದವರಿಗೆಲ್ಲ ಆಯಿಲೇ ಮದ್ದೆಂದು ನಾನು ಹೇಳಲಾರೆ.

ಖರ್ಚಿನಲ್ಲಿ ದೊಡ್ಡ ಪಾಲು ಆಯಿಲಿನದು, ನಂತರ ಫಿಲ್ಟರಿನದು. ಕೂಲಿ ಇವೆರಡಕ್ಕಿಂತ ಕಡಿಮೆ. ಎಲ್ಲ ಸೇರಿಸಿದರೂ ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡಿಸುವ ಖರ್ಚಿನ ಸಣ್ಣ ಭಾಗ. ವಾರಂಟಿ ಇನ್ನೂ ಇರುವವರು ಹೊರಗೆ ಮಾಡಿಸುವ ಮೊದಲು ಅದರ ಷರತ್ತುಗಳನ್ನು ಓದಿ, ಆಯಿಲಿನ ಸಂಕೇತವೂ ಪಾರ್ಟ್ ನಂಬರುಗಳೂ ನಮೂದಾಗಿರುವ ಬಿಲ್ ಕೇಳಿ ಪಡೆಯಿರಿ.

ಇದೆಲ್ಲ ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನ ಮಾತು. ಗೇರಿನ ಹಂತಗಳಿಲ್ಲದೆ ಬೆಲ್ಟಿನಿಂದ ವೇಗದ ಅನುಪಾತ ಬದಲಿಸುವ ಸಿವಿಟಿಗೆ ಅದರದೇ ಆಯಿಲ್ ಬೇಕು. ಅಲ್ಲಿ ಉಕ್ಕಿನ ಬೆಲ್ಟ್ ಅಥವಾ ಸರಪಳಿ ಜಾರದಂತೆ ಹಿಡಿತ ಕೊಡುವುದು ಆಯಿಲ್ ಆದ್ದರಿಂದ ಸಾಮಾನ್ಯ ಎಟಿಎಫ್ ಹಾಕಿದರೆ ಗೇರ್‌ಬಾಕ್ಸ್ ಹಾಳಾಗುತ್ತದೆ. ಎಎಂಟಿ ಎಂದರೆ ಕ್ಲಚ್ಚನ್ನೂ ಗೇರನ್ನೂ ಕಂಪ್ಯೂಟರ್ ನಡೆಸುವ ಮ್ಯಾನುಯಲ್ ಗೇರ್‌ಬಾಕ್ಸೇ. ಅದಕ್ಕೆ ಮ್ಯಾನುಯಲ್ ಗೇರ್‌ಬಾಕ್ಸಿನ ಆಯಿಲ್. ಜಿಎಲ್-4, ಜಿಎಲ್-5 ಎಂಬವು ಗೇರ್ ಆಯಿಲಿನ ದರ್ಜೆಗಳು. ಜಿಎಲ್-4 ಕೇಳಿರುವ ಮ್ಯಾನುಯಲ್ ಗೇರ್‌ಬಾಕ್ಸಿಗೆ ಜಿಎಲ್-5 ಹಾಕಬಾರದು, ಅದರಲ್ಲಿ ಹೆಚ್ಚಿರುವ ಗಂಧಕ-ರಂಜಕದ ಸೇರ್ಪಡೆಗಳು ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ಸವೆಸಬಲ್ಲವು.

ಇಳಿಸಿದ ಹಳೆಯ ಆಯಿಲನ್ನು ಚರಂಡಿಗೋ ಮಣ್ಣಿಗೋ ಸುರಿಯದೆ, ಬಳಸಿದ ಎಣ್ಣೆ ಸಂಗ್ರಹಿಸುವವರಿಗೆ ಗ್ಯಾರೇಜಿನವರು ಕೊಡುತ್ತಾರೆಯೇ ಎಂದು ಕೇಳಿ ಖಾತ್ರಿ ಮಾಡಿಕೊಂಡೆ. ಪ್ಯಾನಿನ ಅಂಚನ್ನು ಒರೆಸಿ ಒಣಗಿಸಿದ್ದರಿಂದ ಒಂದು ವಾರ ಓಡಿಸಿದ ಮೇಲೆ ಕೆಳಗೆ ಇಣುಕಿ ಸೋರಿಕೆಯಿಲ್ಲವೆಂದು ತಿಳಿಯುವುದು ಸುಲಭವಾಯಿತು. ಸರ್ವಿಸ್ ಪುಸ್ತಕದಲ್ಲಿ ದಿನಾಂಕ, ಕಿಲೋಮೀಟರ್, ಆಯಿಲಿನ ಸಂಕೇತ, ಇಳಿದದ್ದೆಷ್ಟು, ತುಂಬಿದ್ದೆಷ್ಟು, ಮಟ್ಟ ಹೊಂದಿಸಿದ ತಾಪಮಾನ ಇಷ್ಟನ್ನೂ ಬರೆಸಿಕೊಂಡು ಮೆಕ್ಯಾನಿಕ್ ಅವರ ಸಹಿ ಹಾಕಿಸಿದ್ದೇನೆ. ಮುಂದಿನ ಬದಲಾವಣೆ ಕಠಿಣ ಬಳಕೆಯ ಕೋಷ್ಟಕದ ಪ್ರಕಾರವೇ ನಡೆಯಲಿದೆ. ಅದರ ಕಿಲೋಮೀಟರನ್ನು ಅದೇ ಪುಟದ ಕೆಳಗೆ ಗುರುತು ಮಾಡಿಟ್ಟಿದ್ದೇನೆ.